ಇನ್ನೊಬ್ಬನ ಅಂಕಿ

ನನ್ನ ಹೆಂಡತಿ ನನಗೆ ಕೊಡುವ ಅಂಕಿಗೂ ರುದ್ರಮುನಿಗೆ ಕೊಡುವ ಅಂಕಿಗೂ ನಡುವೆ ಒಂದು ಉಸಿರಿನಷ್ಟು ವ್ಯತ್ಯಾಸವಿತ್ತು. ನನಗಾದರೆ ಅವಳು ‘ಒಂಬತ್ತು, ಸೊನ್ನೆ, ಎರಡು’ ಎಂದು, ಅಕ್ಕಿಯಿಂದ ಕಲ್ಲು ಆರಿಸಿ ಆಚೆ ಇಡುವ ಹಾಗೆ, ಮೂರನ್ನೂ ಸರಸರ ಇಟ್ಟುಬಿಡುತ್ತಿದ್ದಳು. ನಾನು ತಿರುಗಿ ಹೇಳಿದರೆ ‘ಸರಿ’. ಅಲ್ಲಿಗೆ ಮುಗಿಯಿತು. ರುದ್ರಮುನಿಗಾದರೆ ಮೊದಲನೆಯದನ್ನು ಎಳೆದು, ಎರಡನೆಯದರ ಹೊಸ್ತಿಲಲ್ಲಿ ನಿಂತು, ಉಸಿರು ತೆಗೆದುಕೊಂಡು, ಮೂರನೆಯದನ್ನು ಅಂಗೈಯಲ್ಲಿಟ್ಟು ಬೆರಳು ಮಡಚಿ ಕೊಟ್ಟ ಹಾಗೆ ಕೊಡುತ್ತಿದ್ದಳು. ಕಾವ್ಯ ಓದುವವರು ಪದ್ಯದ ನಡುವೆ, ಕೇಳುವವನ ಎದೆಗೆ ಅರ್ಥ ಇಳಿಯಲಿ ಎಂದು ನಿಲ್ಲುತ್ತಾರಲ್ಲ, ಆ ನಿಲುಗಡೆ. ಅದನ್ನು ಕೇಳುತ್ತಲೇ ಬೆಳೆದವನು ನಾನು. ಊರಿನಲ್ಲಿ ಬೇರೆ ಯಾರ ಕಿವಿಗೂ ಅದು ಬೀಳುವಂಥದ್ದಲ್ಲ ಎಂದುಕೊಂಡಿದ್ದೆ.

ನಮ್ಮೂರು ಒಂದೇ ಎತ್ತರದಲ್ಲಿ ನಿಲ್ಲುವ ಊರಲ್ಲ. ಬೆಳಗಿನಲ್ಲಿ ಒಂದು ಎತ್ತರವಿದ್ದರೆ ಹೊತ್ತು ಏರುವಷ್ಟರಲ್ಲಿ ಇನ್ನೊಂದು. ಕೆಲವು ದಿನ ಸುಮ್ಮನೆ ಮಲಗಿರುತ್ತದೆ, ಕೆಲವು ದಿನ ಒಂದೇ ಸಮನೆ ಏರುತ್ತದೆ, ಮತ್ತೆ ಯಾರಿಗೂ ಹೇಳದೆ ಇಳಿಯುತ್ತದೆ. ಏರುವಾಗ ಶಾಲೆಯ ಮಕ್ಕಳೆಲ್ಲ ಪಾಠದ ನಡುವೆ ಒಟ್ಟಿಗೆ ಉಗುಳು ನುಂಗುತ್ತಾರೆ. ಮೇಷ್ಟ್ರೂ ನುಂಗಿ ಮುಂದಿನ ಸಾಲಿಗೆ ಹೋಗುತ್ತಾರೆ. ಬಯಲಿನ ರಸ್ತೆ ಊರಿನ ಬುಡದವರೆಗೆ ಬಂದು ಅಲ್ಲೇ ನಿಂತುಬಿಟ್ಟಿದೆ. ಮುಂದಕ್ಕೆ ಎಷ್ಟು ಮೇಲಕ್ಕೆ ಕಟ್ಟಬೇಕೆಂದು ಕಂಟ್ರಾಕ್ಟರನಿಗೆ ಯಾರಿಂದಲೂ ಹೇಳಲಾಗಲಿಲ್ಲ. ಹಾಗಾಗಿ ನಮಗೆ ವಿಮಾನವೇ ಬಸ್ಸು, ವಿಮಾನವೇ ಟಪಾಲು ಗಾಡಿ. ಎತ್ತರದ ದಿನ ಬೇಳೆ ಬೇಯುವುದಿಲ್ಲ. ಅದಕ್ಕಾಗಿ ಪ್ರತಿ ಅಡುಗೆಮನೆಯಲ್ಲೂ ಒಂದು ರೇಡಿಯೋ ಇಟ್ಟು, ವಿಮಾನ ನಿಲ್ದಾಣದ ಮಾತನ್ನು ಕೇಳುತ್ತಾರೆ. ಪೈಲಟ್ಟಿಗೆ ಕೊಡುವ ಅಂಕಿ ಇಳಿದರೆ ಊರು ಏರಿದೆ ಎಂದರ್ಥ. ತೊಗರಿಬೇಳೆ ಬೇಗ ನೆನೆಹಾಕುತ್ತಾರೆ. ಇಡೀ ಊರಿನ ಸಾರು ನನ್ನ ಹೆಂಡತಿಯ ದನಿಯ ಮೇಲೆ ನಿಂತಿತ್ತು ಎಂದರೂ ನಡೆಯುತ್ತದೆ.

ವಿಮಾನದಲ್ಲಿ ಎತ್ತರ ತೋರಿಸುವ ಯಂತ್ರಕ್ಕೆ ಆಲ್ಟಿಮೀಟರ್ ಎನ್ನುತ್ತೇವೆ. ನಿಜ ಹೇಳಬೇಕೆಂದರೆ ಅದಕ್ಕೆ ಎತ್ತರ ಗೊತ್ತಿಲ್ಲ. ಗೊತ್ತಿರುವುದು ಗಾಳಿಯ ಒತ್ತಡ ಒಂದೇ. ಮೇಲೆ ಹೋದಷ್ಟೂ ಗಾಳಿ ಹಗುರ, ಗಾಳಿ ಹಗುರವಾದಷ್ಟೂ ಮುಳ್ಳು ಮೇಲೆ. ಎಲ್ಲಿಂದ ಅಳೆಯಬೇಕೆಂದು ನಾವು ಹೇಳಿಕೊಡಬೇಕು. ಗಡಿಯಾರದಂಥ ಮುಖದಲ್ಲಿ ಒಂದು ಪುಟ್ಟ ಕಿಟಕಿ, ಕೆಳಗೆ ಒಂದು ತಿರುಪು. ನೆಲದ ಮೇಲಿನ ಒತ್ತಡದ ಅಂಕಿಯನ್ನು ತಿರುಪು ತಿರುಗಿಸಿ ಆ ಕಿಟಕಿಯಲ್ಲಿ ಕೂರಿಸಿದರೆ, ಚಕ್ರ ನೆಲ ಮುಟ್ಟುವ ಹೊತ್ತಿಗೆ ಮುಳ್ಳು ಸೊನ್ನೆಗೆ ಬರುತ್ತದೆ. ಬೇರೆ ಊರುಗಳಲ್ಲಿ ಸಮುದ್ರದಿಂದ ಲೆಕ್ಕ ಹಿಡಿಯುತ್ತಾರೆ. ಊರು ಇಷ್ಟು ಎತ್ತರ ಎಂದು ನಕ್ಷೆಯಲ್ಲೇ ಬರೆದಿರುತ್ತದೆ. ನಮ್ಮೂರಿಗೆ ಅದು ಹೊಂದುವುದಿಲ್ಲ. ನಮ್ಮ ನೆಲ ಎಲ್ಲಿದೆಯೋ ಅದೇ ಸೊನ್ನೆ. ಹೊರಡುವ ಮೊದಲು ಅಂಕಿ ಕೂರಿಸಿ, ಗಾಜನ್ನು ಉಗುರಿನಿಂದ ತಟ್ಟಿ, ಎರಡೂ ಆಲ್ಟಿಮೀಟರುಗಳ ಮುಳ್ಳು ಸೊನ್ನೆಯಲ್ಲಿ ಕೂತಿವೆಯೇ ಎಂದು ನೋಡುತ್ತೇವೆ. ಒಂದು ಕೂತು ಇನ್ನೊಂದು ವಾಲಿದ್ದರೆ ಅವತ್ತು ವಿಮಾನ ಏಳುವುದಿಲ್ಲ. ಇಳಿಯುವ ಮೊದಲು ರೇಡಿಯೋ ಕೋಣೆಯಿಂದ ಹೊಸ ಅಂಕಿ ಕೇಳಿ ಪಡೆಯಬೇಕು. ಅಲ್ಲಿ ಕೂತವರು ಬ್ಯಾರೋಮೀಟರ್ ನೋಡಿ, ಪೈಲಟ್ಟಿನ ಹೆಸರು ಹಿಡಿದು ಅಂಕಿ ಕೊಡುತ್ತಾರೆ. ಪೈಲಟ್ಟು ತಿರುಗಿ ಹೇಳಬೇಕು. ಯಾರ ಹೆಸರಿಗೆ ಕೊಟ್ಟರೋ ಅವರಿಗಷ್ಟೇ ಅದು ಸಲ್ಲುತ್ತದೆ. ಹಿಂದಿನವನು ಬರುವಷ್ಟರಲ್ಲಿ ಊರು ಬೇರೆ ಎತ್ತರದಲ್ಲಿರುತ್ತದೆ. ಇನ್ನೊಬ್ಬನ ಅಂಕಿ ಹಿಡಿದು ಇಳಿಯುವುದನ್ನು ನಮ್ಮಲ್ಲಿ ಎಂಜಲು ಎನ್ನುವಷ್ಟು ಕೀಳಾಗಿ ಕಾಣುತ್ತಾರೆ.

ನನಗೆ ಹಾಡಲು ಬರುವುದಿಲ್ಲ, ಓದಲೂ ಅಷ್ಟಕ್ಕಷ್ಟೆ. ಕೇಳಲು ಬರುತ್ತದೆ. ನಮ್ಮ ಅಜ್ಜ ಬಸದಿಯ ಜಗುಲಿಯಲ್ಲಿ ಸಂಜೆಗೆ ಮುಂಚೆ ಹಳಗನ್ನಡದ ಪದ್ಯಗಳನ್ನು ವಾಚಿಸುತ್ತಿದ್ದರು. ನಾನು ಕಂಬಕ್ಕೆ ಒರಗಿ ಕೂತು, ಅರ್ಥವಾಗದಿದ್ದರೂ ಅವರ ಉಸಿರನ್ನು ಕೇಳುತ್ತಿದ್ದೆ. ಎಲ್ಲಿ ತುಂಬಿಕೊಂಡರು, ಎಲ್ಲಿ ಬಿಟ್ಟರು, ಎಲ್ಲಿ ತಡೆಹಿಡಿದರು. ಕೇಳುವುದೂ ಒಂದು ಪೂಜೆ ಎಂದು ಅಜ್ಜ ಹೇಳುತ್ತಿದ್ದರು. ನನಗೆ ಗೊತ್ತಿರುವ ಪೂಜೆ ಅದೊಂದೇ. ಅಜ್ಜ ಹೋದ ಮೇಲೆ ಒಂದು ಮಳೆಗಾಲ ಬಸದಿಯಲ್ಲಿ ಮರುದೇವಿ ಓದಿದಳು, ವಾಚಕರ ಮನೆತನದ ಹುಡುಗಿ. ತಾಯಿಯೊಬ್ಬಳು ಸತ್ತ ಮಗನಿಗಾಗಿ ಅಳುವ ಒಂದು ಪದ್ಯದ ನಡುವೆ ಅವಳು ನಿಂತಳು. ಆ ನಿಲುಗಡೆಯಲ್ಲಿ ಬಸದಿಯ ಪಾರಿವಾಳ ರೆಕ್ಕೆ ಬಡಿದದ್ದೂ ಕೇಳಿಸಿತು. ಅವತ್ತೇ ಅಮ್ಮನಿಗೆ ಹೇಳಿದೆ, ಮದುವೆಯಾದರೆ ಈ ಹುಡುಗಿಯನ್ನೇ ಎಂದು. ನನಗಾಗ ಅವಳ ಮುಖವೂ ಸರಿಯಾಗಿ ನೆನಪಿರಲಿಲ್ಲ.

ಮದುವೆಯಾದ ಮೇಲೆ ಅವಳು ರೇಡಿಯೋ ಕೋಣೆಗೆ ಸೇರಿದಳು. ಆ ದನಿ ಕೇಳಿ ನಿಲ್ದಾಣದ ಮುಖ್ಯಸ್ಥ ಇನಾಯತ್ ಸಾಹೇಬರೇ ಕರೆದರು. ಮೊದಮೊದಲು ನನಗೆ ಹೆಮ್ಮೆ. ಮೋಡದ ಮೇಲೆ ಒಬ್ಬನೇ ಕೂತಿರುವಾಗ ಅವಳ ಬಾಯಿಂದ ನನ್ನ ಹೆಸರು ಬರುತ್ತಿತ್ತು, ಹಿಂದೆಯೇ ಅಂಕಿ. ಆದರೆ ಮನೆಯಲ್ಲಿ ಓದುವುದು ನಿಂತುಹೋಯಿತು. ಒಂದು ಪದ್ಯ ಓದು ಎಂದರೆ, “ದಿನವಿಡೀ ಮಾತಾಡಿ ಗಂಟಲು ಬತ್ತಿ ಹೋಗಿದೆ ರೀ, ನಾಳೆ ನೋಡೋಣ” ಎನ್ನುತ್ತಿದ್ದಳು. ಆ ನಾಳೆ ಬರಲಿಲ್ಲ. ನನ್ನ ಪಾಲಿಗೆ ಉಳಿದದ್ದು ದಿನಕ್ಕೆ ಮೂರು ಅಂಕಿ, ಒಂದು ‘ಸರಿ’. ಅದರಲ್ಲೇ ತೃಪ್ತಿಪಡುವುದನ್ನು ಕಲಿತಿದ್ದೆ. ಅಷ್ಟರಲ್ಲಿ ಇನ್ನೊಬ್ಬ ಪೈಲಟ್ಟಾಗಿ ರುದ್ರಮುನಿ ಬಂದ.

ರುದ್ರಮುನಿ ದೊಡ್ಡ ಆಳು. ಬಾಗಿಲು ದಾಟುವಾಗ ಬಾಗಿ, ದಾಟಿದ ಮೇಲೂ ಸ್ವಲ್ಪ ಹೊತ್ತು ಬಾಗಿಯೇ ಇರುತ್ತಿದ್ದ. ಅವನ ನಗು ರನ್‌ವೇಯ ಆ ತುದಿಗೆ ಕೇಳುತ್ತಿತ್ತು. ನಾನು ಮೆಲ್ಲಗೆ ಮಾತಾಡುವವನು. ಗಂಡಸು ಅಷ್ಟು ಜೋರಾಗಿ ನಗುವುದೇ ನನಗೆ ಅಹಂಕಾರವಾಗಿ ಕಾಣುತ್ತಿತ್ತು. ಬೆನ್ನ ಹಿಂದಿನಿಂದ ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. ಊರಿನವರು ಮಾತ್ರ ಅವನನ್ನು ಕಂಡರೆ ದಾಟಿ ಬಂದು, ಅವನ ಬಲಕ್ಕೆ ನಿಂತು, ಮುಖಕ್ಕೆ ಮುಖ ಕೊಟ್ಟು ಮಾತಾಡುತ್ತಿದ್ದರು. ದೊಡ್ಡವರಿಗೆ ಕೊಡುವ ಮರ್ಯಾದೆಯ ಹಾಗೆ. ಹದಿನೈದು ವರ್ಷ ಇದೇ ಊರಿಗೆ ಹಾರಿದ ನನಗೆ ಯಾರೂ ಹಾಗೆ ದಾಟಿ ಬಂದಿರಲಿಲ್ಲ. ಅವನು ಮರುದೇವಿಯನ್ನು ‘ಅಕ್ಕ’ ಎನ್ನುತ್ತಿದ್ದ, ಹಾಗಾಗಿ ನನ್ನನ್ನು ‘ಭಾವ’. “ಏನ್ ಭಾವ, ಕಾಫಿ ಆಯ್ತಾ?” ಎಂದು ವಿಮಾನ ನಿಲ್ಲಿಸುವ ಹ್ಯಾಂಗರಿನ ತಗಡು ಅದುರುವಂತೆ ಕೇಳುತ್ತಿದ್ದ. ಅವಳು ಮಾತಾಡುವಾಗ ತಲೆಯನ್ನು ಒಂದು ಕಡೆಗೆ ವಾಲಿಸಿ, ಅವಳ ತುಟಿಯನ್ನೇ ನೋಡುತ್ತಿದ್ದ. ಅಕ್ಕನ ತುಟಿಯನ್ನು ಯಾವ ತಮ್ಮ ಹಾಗೆ ನೋಡುತ್ತಾನೆ?

ಒಂದು ಸಂಜೆ ಊಟಕ್ಕೆ ಕೂತಿದ್ದೆವು. ನಾವು ಹೊತ್ತು ಮುಳುಗುವ ಮೊದಲೇ ಉಣ್ಣುವವರು. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು.

“ರುದ್ರಮುನಿ ಇವತ್ತು ಇಳಿಯೋವಾಗ ನೀನು ಅಂಕಿ ಎರಡು ಸಲ ಕೊಟ್ಟೆ” ಎಂದೆ.

“ಕೊಟ್ಟೆ. ಗಾಳಿ ಜೋರಿತ್ತು.”

“ನನಗೂ ಅದೇ ಗಾಳಿ ಇತ್ತು.”

ಅವಳು ಮಜ್ಜಿಗೆ ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದು ನೋಡಿದಳು. “ನಿಮಗೆ ಒಂದು ಸಲ ಹೇಳಿದರೆ ಸಾಕಲ್ಲ?”

“ಸಾಕು.”

“ಮತ್ತೇನು?”

ಏನೂ ಇಲ್ಲ ಎಂದೆ. ಮಜ್ಜಿಗೆಗೆ ಉಪ್ಪು ಕಡಿಮೆಯಾಗಿದೆ ಎಂದೆ. ಉಪ್ಪು ಸರಿಯಾಗಿಯೇ ಇತ್ತು. ಅವಳು ಇನ್ನಷ್ಟು ಹಾಕಿದಳು, ನಾನು ಕುಡಿದೆ.

ಆಮೇಲೆ ನನಗೆ ಒಂದು ಚಾಳಿ ಹತ್ತಿತು. ನನ್ನ ಅಂಕಿ ಸಿಕ್ಕಿದ ಮೇಲೂ ಅವನಿಗೆ ಕೊಡುವುದನ್ನು ಕಾದು ಕೇಳುವುದು. ಬಿಡುವಿನ ದಿನ ನಾಗಕ್ಕನ ಹೋಟೆಲಿನ ಮೂಲೆಯ ಬೆಂಚಿನಲ್ಲಿ, ಅವಳ ರೇಡಿಯೋದ ಪಕ್ಕದಲ್ಲಿ ಕೂತು ಕೇಳುವುದು. ನನ್ನ ಮನೆಯಲ್ಲಿ ನಿಂತುಹೋದ ಓದು ಅಲ್ಲಿ, ಇನ್ನೊಬ್ಬನ ಹೆಸರಿನಲ್ಲಿ, ಎಲ್ಲರ ದೋಸೆಯ ಹೆಂಚಿನ ಮೇಲೆ ನಡೆಯುತ್ತಿತ್ತು. ಮರುದೇವಿ ‘ಒಂಬತ್ತು’ ಎಂದು ಎಳೆದಾಗ ನನ್ನ ಎದೆ ಬಸದಿಯ ಕಂಬಕ್ಕೆ ಒರಗಿದಂತೆ ಹಿತವಾಗುತ್ತಿತ್ತು. ‘ರುದ್ರಮುನಿ’ ಎಂಬ ಹೆಸರು ನೆನಪಾದ ಕೂಡಲೇ ಅದೇ ಜಾಗ ಉರಿಯುತ್ತಿತ್ತು. ಜಪಕ್ಕೆ ಕೂತರೂ ಮಣಿಗೊಂದರಂತೆ ಒಂಬತ್ತು, ಸೊನ್ನೆ, ಐದು.

ಆ ದಿನ ನಾವಿಬ್ಬರೂ ಕೆಳಗಿನ ಪಟ್ಟಣದಿಂದ ಹಿಂದೆ ಮುಂದೆ ಹೊರಟಿದ್ದೆವು. ಅವನು ಮುಂದೆ, ನಾನು ಹಿಂದೆ. ಮಧ್ಯಾಹ್ನ. ಊರಿನ ಮೇಲೆ ಹಾಲಿನ ಕೆನೆಯ ಹಾಗೆ ಮೋಡ ಕಟ್ಟಿತ್ತು. ಇಂಥ ದಿನ ಕಣ್ಣಿಗೆ ಕೆಲಸವಿಲ್ಲ. ಮುಳ್ಳನ್ನು ನಂಬಿ ಇಳಿಯಬೇಕು. ಇನ್ನೂರು ಅಡಿಗೆ ಬಂದರೂ ನೆಲ ಕಾಣದಿದ್ದರೆ ಮೇಲೆದ್ದು ಇನ್ನೊಂದು ಸುತ್ತು ಬರಬೇಕು. ನನ್ನ ಹಿಂದೆ ಆರು ಜನ ಕೂತಿದ್ದರು. ಅವರಲ್ಲೊಬ್ಬಾಕೆ ಸೆರಗಿನ ಮರೆಯಲ್ಲಿ ಮಗುವಿಗೆ ಹಾಲು ಕೊಡುತ್ತಿದ್ದಳು.

ಹೆಡ್‌ಫೋನಿನಲ್ಲಿ ಮರುದೇವಿ ಬಂದಳು. “ಕ್ಯಾಪ್ಟನ್ ರುದ್ರಮುನಿ. ನೆಲದ ಅಂಕಿ. ಒಂ... ಬತ್ತು.” ನಿಂತಳು. ಆ ನಿಲುಗಡೆ ಹಿಂದೆಂದಿಗಿಂತ ಉದ್ದವಾಗಿತ್ತು. “ಸೊನ್ನೆ.” ಉಸಿರು. “ಐದು.”

ಅವನು ಗಟ್ಟಿಯಾಗಿ ತಿರುಗಿ ಹೇಳಿದ. “ಸರಿ. ಬನ್ನಿ” ಎಂದಳು.

ನನ್ನ ಕೈ ತಿರುಪಿನ ಮೇಲಿತ್ತು. ಅದನ್ನು ತಿರುಗಿಸುವಾಗ ಏನು ಮಾಡುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಅವಳು ಅಷ್ಟು ಪ್ರೀತಿಯಿಂದ ಹೇಳಿದ ಅಂಕಿ ನನ್ನ ಕಿಟಕಿಯಲ್ಲೂ ಕೂರಲಿ ಎನ್ನಿಸಿತು. ನನಗೆಂದು ಬರುವ ಒಣ ಅಂಕಿ ಬೇಡ, ಇದು ಬೇಕು. ಒಂಬತ್ತು ಸೊನ್ನೆ ಐದನ್ನು ಎರಡೂ ಆಲ್ಟಿಮೀಟರುಗಳಲ್ಲಿ ಕೂರಿಸಿ ಮೋಡದೊಳಕ್ಕೆ ಇಳಿದೆ.

ಸ್ವಲ್ಪ ಹೊತ್ತಿಗೆ ಅವಳು ಕರೆದಳು. “ಕ್ಯಾಪ್ಟನ್ ಧರಣೇಂದ್ರ. ನೆಲದ ಅಂಕಿ ತಗೊಳ್ಳಿ.”

“ಅಂಕಿ ಇದೆ” ಎಂದೆ.

“ಏನಿದೆ?”

“ಇದೆ ಅಂದೆನಲ್ಲ.”

“ಇದ್ದರೆ ಹೇಳಿ.”

ಮುಳ್ಳು ಐನೂರು ದಾಟಿ ಕೆಳಗೆ ಬರುತ್ತಿತ್ತು. ಸುತ್ತ ಬಿಳಿ, ರೆಕ್ಕೆಯ ತುದಿಯೂ ಕಾಣದು.

“ರೀ” ಎಂದಳು. ರೇಡಿಯೋದಲ್ಲಿ ಅವಳು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. “ಯಾವ ಅಂಕಿ ಇಟ್ಕೊಂಡಿದ್ದೀರಿ, ಹೇಳ್ರಿ.”

“ಒಂ... ಬತ್ತು” ಎಂದೆ. ನಿಂತೆ. “ಸೊನ್ನೆ. ಐದು.” ಅವಳು ಹೇಳಿದ ಹಾಗೆಯೇ, ಅದೇ ಎಳೆತ, ಅದೇ ಉಸಿರು.

ಹೆಡ್‌ಫೋನಿನಲ್ಲಿ ಒಂದು ಕ್ಷಣ ಬರೀ ಗಾಳಿ. ಆಮೇಲೆ ಅವಳು ಒಂದೇ ಉಸಿರಿಗೆ, “ಅದು ನಿಮ್ಮದಲ್ಲ, ರುದ್ರಮುನಿಯವರದು. ಊರು ಏರ್ತಾ ಇದೆ. ನಿಮ್ಮದು ಒಂಬತ್ತು ಸೊನ್ನೆ ಒಂದು, ಒಂಬತ್ತು ಸೊನ್ನೆ ಒಂದು, ಮೇಲೆ ಏಳಿ!” ಎಂದಳು.

ತಿರುಪು ತಿರುಗಿಸಿದೆ. ಮುನ್ನೂರು ತೋರಿಸುತ್ತಿದ್ದ ಮುಳ್ಳು ನೂರೆಂಬತ್ತಕ್ಕೆ ಬಿತ್ತು. ಮುಳ್ಳು ಬಿದ್ದಿತೆಂದರೆ ನೆಲ ಅಷ್ಟು ಮೇಲೆ ಬಂದು ಕೂತಿತ್ತೆಂದು ಅರ್ಥ. ಮೂತಿ ಎತ್ತುವಷ್ಟರಲ್ಲಿ ಮೋಡ ಹರಿದು, ಎಡಗಡೆಗೆ ಊರಿನ ನೀರಿನ ಟ್ಯಾಂಕು ಕಾಣಿಸಿತು, ನನ್ನ ಭುಜದ ಮಟ್ಟಕ್ಕೆ. ಅದರ ಮೇಲೆ ಏನೋ ರಿಪೇರಿ ಮಾಡುತ್ತಿದ್ದವನು ತಲೆಯೆತ್ತಿ ನನ್ನ ಮುಖ ನೋಡಿದ. ನಾನು ಅವನ ಬಾಯೊಳಗಿನ ಎಲೆಅಡಿಕೆ ನೋಡಿದೆ. ಮೇಲೆದ್ದು, ಒಂದು ಸುತ್ತು ಹಾಕಿ, ನನ್ನ ಅಂಕಿಯನ್ನು ಇನ್ನೊಮ್ಮೆ ಕೇಳಿ ಪಡೆದು, ತಿರುಗಿ ಹೇಳಿ, ಇಳಿದೆ. ಹಾಲು ಕುಡಿಯುತ್ತಿದ್ದ ಮಗು ನಿದ್ದೆ ಹೋಗಿತ್ತು. ತಾಯಿ ಇಳಿಯುವಾಗ, “ಇವತ್ತು ತುಂಬ ಹೊತ್ತು ತಗೊಂಡ್ರಲ್ಲ ಕ್ಯಾಪ್ಟನ್” ಎಂದಳು. ಹೌದಮ್ಮ ಎಂದೆ.

ಇನಾಯತ್ ಸಾಹೇಬರು ವಿಮಾನದ ಬುಡಕ್ಕೇ ಬಂದಿದ್ದರು. ಅವರದು ಕೂಗಾಡುವ ಸ್ವಭಾವವಲ್ಲ.

“ಧರಣೇಂದ್ರ, ನಿಮ್ಮ ಕಿವಿ ಎಂಥದ್ದು ಅಂತ ಊರೇ ಹೇಳುತ್ತೆ. ಕೇಳಿಸಲಿಲ್ಲವಾ?”

“ಕೇಳಿಸಿತು ಸರ್.”

“ಮತ್ತೆ?”

ನಾನು ಹೆಡ್‌ಫೋನಿನ ತಂತಿ ಸುತ್ತತೊಡಗಿದೆ. ಅವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. “ಮನೆಗೆ ಹೋಗಿ. ನಾನು ಹೇಳೋವರೆಗೂ ಕಾಕ್‌ಪಿಟ್ ಹತ್ತಬೇಡಿ” ಎಂದರು.

ಮನೆಗೆ ಹೋಗುವ ದಾರಿಯಲ್ಲಿ ನಾಗಕ್ಕನ ಹೋಟೆಲು ದಾಟಲೇಬೇಕು. ಇಡೀ ಊರಿನ ಅಡುಗೆಮನೆಗಳು ನಮ್ಮಿಬ್ಬರ ಮಾತನ್ನು ಕೇಳಿದ್ದವು ಎಂಬುದು ನನಗೆ ಹೊಳೆದದ್ದೇ ಆಗ. ನಾಗಕ್ಕ ಸೊಂಟಕ್ಕೆ ಕೈಕೊಟ್ಟು ಬಾಗಿಲಲ್ಲೇ ನಿಂತಿದ್ದಳು.

“ಬನ್ನಿ ಕ್ಯಾಪ್ಟನ್ರೇ, ಬನ್ನಿ. ನಿಮ್ಮ ದೋಸೆ ಕೊಡ್ಲಾ, ಪಕ್ಕದವರದ್ದು ಕೊಡ್ಲಾ?”

ಒಳಗಿನಿಂದ ಯಾರೋ, “ಸುಮ್ಮನೆ ಕೊಡಬೇಡ ನಾಗಕ್ಕ, ತಿರುಗಿ ಹೇಳಿಸ್ಕೊಂಡು ಕೊಡು” ಎಂದರು. ಬೆಂಚುಗಳೆಲ್ಲ ನಕ್ಕವು. ಇನ್ನೊಬ್ಬರು, “ಅಲ್ಲಯ್ಯ, ಹೆಂಡ್ತಿ ಹೇಳೋ ಅಂಕೀನೇ ಬೇಡ ಅಂದ್ರೆ ಆ ಮನೇಲಿ ಬೇಳೆ ಹೆಂಗೆ ಬೇಯುತ್ತೆ?” ಎಂದರು. ನಾನು ತಲೆ ತಗ್ಗಿಸಿ ನಡೆದೆ. ನಾಗಕ್ಕ ಮಾತ್ರ ನಗು ನಿಲ್ಲಿಸಿ ಹಿಂದಿನಿಂದ ಕೂಗಿದಳು. “ಮನೆಗೆ ಹೋಗಿ ನೀರು ಕುಡೀರಿ ಮೊದ್ಲು. ಮುಖ ಸುಣ್ಣ ಆಗಿದೆ.”

ಮರುದೇವಿ ಬಂದಾಗ ನಾನು ಹಜಾರದಲ್ಲಿ ದೀಪವಿಲ್ಲದ ದೇವರ ಗೂಡಿನ ಕಡೆ ಮುಖ ಮಾಡಿ ಕೂತಿದ್ದೆ. ಅವಳು ಕಾಲು ತೊಳೆದು, ಒರೆಸಿಕೊಳ್ಳದೆ, ಹಸಿ ಹೆಜ್ಜೆಯಲ್ಲೇ ಬಂದು ಎದುರಿಗೆ ಕೂತಳು.

“ಏನಾಗಿತ್ತು ನಿಮಗೆ?”

“ನನಗೆ ಯಾಕೆ ಹಾಗೆ ಹೇಳಲ್ಲ?”

“ಹೇಗೆ?”

“ಅವನಿಗೆ ಹೇಳ್ತೀಯಲ್ಲ, ಹಾಗೆ.” ಮತ್ತೆ ಹೇಳಿ ತೋರಿಸಿದೆ. ಎಳೆದು, ನಿಂತು, ಉಸಿರು ಬಿಟ್ಟು.

ಅವಳು ನನ್ನನ್ನೇ ನೋಡಿದಳು. ನಗು ತುಟಿಯವರೆಗೆ ಬಂದು ಅಲ್ಲಿಂದ ಹಿಂದಕ್ಕೆ ಹೋಯಿತು. “ಇದಕ್ಕಾ?” ಎಂದಳು. “ಇದಕ್ಕೆ ಆ ಮಗೂನ ಟ್ಯಾಂಕಿಗೆ ಗುದ್ದೋಕೆ ಹೋಗಿದ್ರಾ?”

ನಾನು ನೆಲದ ಮೇಲಿನ ಅವಳ ಹಸಿ ಹೆಜ್ಜೆಗಳನ್ನು ನೋಡಿದೆ.

“ಅವರಿಗೆ ಕಿವಿ ಕೇಳಲ್ಲ ರೀ.”

ಅರ್ಥವಾಗಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು. ಇಲ್ಲಿಗೆ ಬಂದ ಮೊದಲ ದಿನವೇ, ನೆಗಡಿಯಿಂದ ಕಿವಿ ಕಟ್ಟಿದ್ದರೂ, ಊರು ದಡಬಡ ಏರುತ್ತಿದ್ದಾಗ ಅವನು ಇಳಿದನಂತೆ. ಎಡಗಿವಿ ಒಡೆದು ಹೋಯಿತಂತೆ. ಬಲಗಿವಿಯಲ್ಲಿ, ಹತ್ತಿರ ನಿಂತು ಮುಖ ತೋರಿಸಿ ಮಾತಾಡಿದರೆ ಅಷ್ಟಿಷ್ಟು ಕೇಳುತ್ತದಂತೆ. ಹೆಡ್‌ಫೋನಿನಲ್ಲಿ ಗಡಿಬಿಡಿಯಾಗಿ ಹೇಳಿದರೆ ಒಂದೂ ಹಿಡಿಯುವುದಿಲ್ಲ. ಒಂದೊಂದನ್ನೇ ಬಿಡಿಸಿ, ನಡುವೆ ಜಾಗ ಬಿಟ್ಟು ಹೇಳಿದರೆ ತಿರುಗಿ ಸರಿಯಾಗಿ ಹೇಳುತ್ತಾನೆ.

“ಯಾರಿಗೆ ಗೊತ್ತು ಇದು?”

“ಎಲ್ಲರಿಗೂ.”

“ನಾಗಕ್ಕನಿಗೆ?”

“ಮೊದಲು ಕಂಡುಹಿಡಿದಿದ್ದೇ ಅವಳು. ಚಟ್ನಿ ಬೇಕಾ ಅಂದ್ರೆ ಎರಡು ದೋಸೆ ಅಂದ್ರಂತೆ.”

“ಸಾಹೇಬರಿಗೆ?”

“ಅವರಿಗಿಲ್ಲ. ನಿಮಗೂ ಇರಲಿಲ್ಲ.”

ದಾಟಿ ಬಂದು ಅವನ ಬಲಕ್ಕೆ ನಿಲ್ಲುವ ಊರಿನವರು ಒಬ್ಬೊಬ್ಬರಾಗಿ ನನ್ನ ಕಣ್ಣಮುಂದೆ ಹಾದುಹೋದರು. “ನನಗ್ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀವು ಸೀದಾ ಸಾಹೇಬರ ಮುಂದೆ ಹೋಗಿ ಹೇಳಿಬಿಡ್ತಿದ್ರಿ. ನಿಮ್ಮ ಬಾಯಲ್ಲಿ ಸುಳ್ಳು ನಿಲ್ಲಲ್ಲ. ಅವರ ತಾಯಿ, ಇಬ್ಬರು ತಂಗಿಯರು, ಎಲ್ಲಾ ಆ ಕೆಲಸದ ಮೇಲೇ ಇರೋದು.”

“ಕಿವಿ ಕೇಳದವನು ಜನರನ್ನ ಕೂರಿಸ್ಕೊಂಡು ಹಾರಬಹುದಾ?”

“ಕೇಳೋ ಕಿವಿ ಇಟ್ಕೊಂಡು ನೀವು ಇವತ್ತು ಹಾರಿದ್ರಲ್ಲ.” ಅವಳು ಎದ್ದಳು. “ಅವರು ತಿರುಗಿ ಹೇಳಿದ್ದು ಒಂದು ಸಲ ತಪ್ಪಿದ್ರೂ ಅವತ್ತೇ ನಾನೇ ಸಾಹೇಬರ ಹತ್ತಿರ ಹೋಗ್ತಿದ್ದೆ. ತಪ್ಪಿಲ್ಲ ರೀ. ಒಂದೇ ಒಂದು ಸಲ ತಪ್ಪಿಲ್ಲ.”

ಆ ‘ತಪ್ಪಿಲ್ಲ’ದಲ್ಲಿ ಒಂದು ಹೆಮ್ಮೆಯಿತ್ತು. ಮನಸ್ಸು ಹಗುರವಾಗಬೇಕಿತ್ತು, ಆಯಿತು ಕೂಡ, ಅವಳು ಒಳಗೆ ಹೋಗಿ ಪಾತ್ರೆ ಮುಟ್ಟುವಷ್ಟು ಹೊತ್ತು. ಆಮೇಲೆ ಉರಿ ಮತ್ತೆ ಎದ್ದಿತು, ಈಗ ಇನ್ನೊಂದು ಬಗೆಯಲ್ಲಿ. ಅವಳು ಒಬ್ಬನಿಗಾಗಿ ತನ್ನ ಉಸಿರನ್ನು ಎಷ್ಟು ಜೋಪಾನವಾಗಿ ಅಳೆದು ಕೊಡುತ್ತಿದ್ದಳು! ಅವನು ತಿರುಗಿ ಹೇಳುವವರೆಗೆ ಎದೆ ಹಿಡಿದುಕೊಂಡು ಕಾಯುತ್ತಿದ್ದಳು. ನಾನು ತಪ್ಪಬಹುದೆಂಬ ಭಯ ಅವಳಿಗೆ ಒಂದು ದಿನವೂ ಬಂದಿರಲಿಲ್ಲ. ನನಗೆ ಚೆನ್ನಾಗಿ ಕೇಳಿಸುತ್ತದೆ ಎಂಬ ಕಾರಣಕ್ಕೇ ನನ್ನ ಪಾಲಿಗೆ ಆ ದನಿ ಇಲ್ಲವಾಗಿತ್ತು. ಕಿವುಡನ ಕಿವುಡುತನದ ಮೇಲೆ ಹೊಟ್ಟೆಕಿಚ್ಚು ಪಡುವ ಗಂಡಸನ್ನು ನೀವು ನೋಡಿರಲಾರಿರಿ.

ಮರುದಿನ ಬೆಳಿಗ್ಗೆ ಬಸದಿಗೆ ಹೋದೆ. ಸ್ವಾಮಿಯ ಮುಂದೆ ನಿಂತು, ಸಾಹೇಬರಿಗೆ ಹೇಳಲೇಬೇಕು ಎಂದುಕೊಂಡೆ. ಅವನ ಹಿಂದೆಯೂ ತಾಯಂದಿರು ಕೂತಿರುತ್ತಾರೆ. ಕೇಳದವನು ಒಂದಲ್ಲ ಒಂದು ದಿನ ತಪ್ಪಿಯೇ ತಪ್ಪುತ್ತಾನೆ. ಮಾತು ಸರಿಯಾಗಿಯೇ ಇತ್ತು. ಆದರೆ ಹಾಗೆಂದುಕೊಂಡ ಕೂಡಲೇ ನನ್ನೊಳಗೆ ಏನೋ ಸಂತೋಷದಿಂದ ಕುಣಿಯಿತು. ಆ ಎಳೆತ ನಿಲ್ಲುತ್ತದೆ, ಇನ್ನು ಅವಳು ಯಾರಿಗೂ ಹಾಗೆ ಹೇಳುವುದಿಲ್ಲ ಎಂದು. ಧರ್ಮ ಎಷ್ಟು, ಮತ್ಸರ ಎಷ್ಟು ಎಂದು ಬಿಡಿಸಿ ನೋಡಲು ಬಹಳ ಹೊತ್ತು ಕಣ್ಣು ಮುಚ್ಚಿ ನಿಂತೆ. ಬಿಡಿಸಲಾಗಲಿಲ್ಲ. ಮೊದಲು ಅವನಿಗೇ ಹೇಳುತ್ತೇನೆ, ನೀನಾಗಿ ಹೋಗಿ ಹೇಳು, ಇಲ್ಲವಾದರೆ ನಾನು ಹೇಳುತ್ತೇನೆ ಎಂದು, ಹೀಗೆ ನಿರ್ಧರಿಸಿ ಹೊರಬಂದೆ.

ಅವನ ಮನೆ ಹ್ಯಾಂಗರಿನ ಹಿಂದೆ. ಅಂಗಳದಲ್ಲಿ ಮೂರು ಕಲ್ಲಿನ ಒಲೆ ಹೂಡಿ, ಮರಳು ಹಾಕಿದ ಬಾಣಲೆಯಲ್ಲಿ ಕಡಲೆಕಾಯಿ ಹುರಿಯುತ್ತಿದ್ದ. ನಾನು ದಾಟಿ ಹೋಗಿ ಬಲಕ್ಕೆ ನಿಂತೆ. ಅವನು ತಲೆಯೆತ್ತಿ ನೋಡಿ ದೊಡ್ಡದಾಗಿ ನಕ್ಕ.

“ಓ ಭಾವ! ಗೊತ್ತಾಗೋಯ್ತಾ? ಈ ಕಡೆಗೆ ಬಂದು ನಿಂತ್ರಲ್ಲ.”

“ಗೊತ್ತಾಯ್ತು” ಎಂದೆ. “ರುದ್ರಮುನಿ, ಒಂದು ಮಾತು ಹೇಳಬೇಕು.”

“ಹೇಳಿ. ಆದ್ರೆ ಸಾಹೇಬರ ವಿಷಯ ಆದ್ರೆ ಬೇಡ, ಬೆಳಿಗ್ಗೆ ನಾನೇ ಹೋಗಿ ಹೇಳಿಬಂದೆ.”

ಒಲೆಯಿಂದ ಜಾರಿದ ಸೌದೆಯನ್ನು ನಾನು ಬಗ್ಗಿ ಒಳಕ್ಕೆ ನೂಕಿದೆ.

“ಹೇಳಲೇಬೇಕಿತ್ತು ಭಾವ” ಎಂದ, ಕಡಲೆಕಾಯಿ ಮಗುಚುತ್ತಾ. “ನಿನ್ನೆ ಆಗಿದ್ದು ನನ್ನಿಂದಾನೇ. ನನಗೊಬ್ಬನಿಗೆ ಹೇಳೋಕೆ ಅಕ್ಕ ಅಷ್ಟು ಹೊತ್ತು ತಗೋತಾರೆ. ನೀವು ಹಿಂದೆ ಮೋಡದಲ್ಲಿ ಕಾಯ್ಕೊಂಡು ಕೂತಿರ್ತೀರಿ. ಕಾದೂ ಕಾದೂ ಕೈಗೆ ಸಿಕ್ಕಿದ್ದನ್ನ ಹಾಕ್ಕೊಂಡ್ರಿ. ನಿಮ್ಮಂಥ ಕಿವಿಯವರೇ ತಪ್ಪೋ ಹಾಗೆ ಮಾಡಿದೆ ಅಂದ್ರೆ ನಾನು ಇರಬಾರದು ಅಲ್ಲಿ. ಸಾಹೇಬರು ಒಳ್ಳೆಯವರು, ಗೋದಾಮಿನಲ್ಲಿ ಕೆಲಸ ಕೊಡ್ತೀನಿ ಅಂದಿದ್ದಾರೆ. ಪೆಟ್ಟಿಗೆಗಳು ಮಾತಾಡಲ್ಲ.” ತನ್ನ ಮಾತಿಗೆ ತಾನೇ ನಕ್ಕ. ಕಣ್ಣು ಮಾತ್ರ ಹ್ಯಾಂಗರಿನ ಕಡೆಗೆ, ರೆಕ್ಕೆ ಹೊರಗೆ ಚಾಚಿ ನಿಂತಿದ್ದ ತನ್ನ ವಿಮಾನದ ಕಡೆಗೆ ಹೋಗಿ ಬಂತು.

ಹಾಗಲ್ಲ, ನಿನ್ನ ತಪ್ಪಲ್ಲ ಎನ್ನಬೇಕಿತ್ತು. ಎನ್ನಲು ಹೋದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಅವನು ಬಾಣಲೆ ಇಳಿಸಿ, ಕಡಲೆಕಾಯಿಯನ್ನು ಜರಡಿಗೆ ಸುರಿದು, ಮರಳು ಕೆಳಗೆ ಬೀಳುವವರೆಗೆ ಅಲ್ಲಾಡಿಸಿದ. ಆಮೇಲೆ ಇನ್ನೂ ಹತ್ತಿರ ಸರಿದು, ಮೊಟ್ಟಮೊದಲ ಸಲ ದನಿ ತಗ್ಗಿಸಿ ಕೇಳಿದ.

“ಭಾವ, ತಪ್ಪು ತಿಳ್ಕೋಬಾರದು. ಅಕ್ಕನ ದನಿ ಹೇಗಿದೆ?”

“ಅಂದ್ರೆ?”

“ಎರಡು ವರ್ಷ ಅವರು ಹೇಳಿದ ಅಂಕಿ ಹಿಡಿದು ಇಳಿದಿದ್ದೀನಿ. ಆದ್ರೆ ನನಗೆ ಕೇಳ್ತಿದ್ದದ್ದು ಕೊಡಪಾನದಲ್ಲಿ ಕಲ್ಲು ಬಿದ್ದ ಹಾಗೆ. ಒಂದು ದೊಡ್ಡ ಕಲ್ಲು, ಒಂದು ಸಣ್ಣ ಕಲ್ಲು. ಕಲ್ಲು ಎಣಿಸಿ ಅಂಕಿ ಹಿಡೀತಿದ್ದೆ. ದನಿ ಅನ್ನೋದು ಬರ್ತಾನೇ ಇರಲಿಲ್ಲ. ಎದುರಿಗೆ ನಿಂತಾಗಲೂ ತುಟಿ ಓದ್ಕೊಳ್ಳೋದೇ ಆಯ್ತು. ಊರವರು ಹೇಳ್ತಾರೆ, ಬಸದೀಲಿ ಅವರು ಓದಿದ್ರೆ ಜನ ಏಳ್ತಾನೇ ಇರಲಿಲ್ಲವಂತೆ. ನೀವು ಅದನ್ನ ಕೇಳಿ ಮದುವೆ ಆದೋರು. ಇನ್ನು ರೇಡಿಯೋನೂ ಇಲ್ಲ ನನಗೆ. ನೀವು ಹೇಳಿದ್ರೆ ನಂಬ್ತೀನಿ. ಹೇಗಿದೆ?”

ಕೆಳಗಿನಿಂದ ನೆಲ ಮೆಲ್ಲಗೆ ಏಳುತ್ತಿತ್ತು. ನಾನು ಉಗುಳು ನುಂಗಿದೆ. ಹೇಳುವುದಕ್ಕೆ ನನ್ನ ಬಳಿ ಎಷ್ಟೊಂದಿತ್ತು. ಆ ದನಿಗೆ ಗಂಧ ತೇಯ್ದ ಕಲ್ಲಿನ ನುಣುಪಿದೆ ಎನ್ನಬಹುದಿತ್ತು. ಸಾಲಿನ ಕೊನೆಗೆ ಬಂದಾಗ ಅದು ಕೆಳಗಿಳಿಯದೆ, ಹೊಸ್ತಿಲ ಮೇಲೆ ದೀಪವಿಟ್ಟು ಹಿಂದೆ ಸರಿದ ಹಾಗೆ ಸರಿಯುತ್ತದೆ. ಅಳುವ ತಾಯಿಯ ಪದ್ಯದಲ್ಲಿ ಅವಳು ನಿಂತಾಗ ಸುತ್ತ ಕೂತವರು ಉಸಿರು ಬಿಡುವುದನ್ನು ಮರೆತರು. ಇದಕ್ಕಾಗಿಯೇ ಬದುಕಿರುವವನು ನಾನು. ಅವನು ತಲೆ ವಾಲಿಸಿ, ಈಗ ನನ್ನ ತುಟಿಯನ್ನೇ ನೋಡುತ್ತಾ ಕಾದಿದ್ದ. ಹೇಳಿಬಿಟ್ಟರೆ ಅವನು ಅದನ್ನು ಗೋದಾಮಿಗೆ ತೆಗೆದುಕೊಂಡು ಹೋಗುತ್ತಾನೆ. ಪೆಟ್ಟಿಗೆಗಳ ನಡುವೆ ಕೂತು ಆ ದನಿಯನ್ನು ನೆನೆಯುತ್ತಾನೆ. ನಾನು ಕೊಟ್ಟ ಮಾತುಗಳಲ್ಲೇ ನೆನೆಯುತ್ತಾನೆ.

“ಸಾಧಾರಣ” ಎಂದೆ. ಅವನಿಗೆ ತಿಳಿಯುವಂತೆ, ತುಟಿ ಬಿಡಿಸಿ, ನಿಧಾನವಾಗಿ. “ಎಲ್ಲರ ದನಿಯ ಹಾಗೇನೇ. ಊರಿನವರು ಸ್ವಲ್ಪ ಹೆಚ್ಚು ಮಾಡಿ ಹೇಳ್ತಾರೆ.”

ಅವನ ಮುಖದಲ್ಲಿ ಹಿಡಿದಿಟ್ಟ ಏನೋ ಒಂದು ಸಡಿಲಿತು. ಭುಜ ಇಳಿಯಿತು. ನಕ್ಕ, ಅಷ್ಟು ಜೋರಾಗಿಯಲ್ಲ.

“ಹೌದಾ? ಸದ್ಯ” ಎಂದ. “ರಾತ್ರಿಯೆಲ್ಲ ಅದೇ ಕೊರಗಾಗಿತ್ತು ಭಾವ. ಹಾಗಾದ್ರೆ ನಾನು ಕಳ್ಕೊಂಡಿದ್ದು ಹೆಚ್ಚೇನಲ್ಲ ಬಿಡಿ.”

ಬಿಸಿ ಕಡಲೆಕಾಯಿಯನ್ನು ಎರಡೂ ಕೈಯಲ್ಲಿ ಬಾಚಿ ನನ್ನ ಬೊಗಸೆಗೆ ಹಾಕಿದ. ಸುಡುತ್ತಿತ್ತು. ನಾನು ಅವನ ಬಲಗಡೆಗೇ ಕೂತು, ಒಂದೊಂದೇ ಒಡೆದು ತಿಂದೆ.